ಮೂರು ರೆಕ್ಟಿಫೈಯರ್ ವಾಲ್ವ್, ಒಂದೇ ಪಿಟೀಲು

ನನ್ನ ಆಂಪ್ಲಿಫೈಯರ್ ಚಾನೆಲ್ಲಿಗೆ ಒಂದರಂತೆ, ಸ್ಪೀಕರ್ ನಡೆಸುವ 6ವಿ6 ವಾಲ್ವ್ (ಹಳೆಯ ರೇಡಿಯೋಗಳಲ್ಲಿದ್ದಂಥ ಗಾಜಿನ ಬುರುಡೆ) ಇಟ್ಟು ಕಟ್ಟಿದ್ದು. ತುಮಕೂರಿನಲ್ಲಿ ಟ್ರಾನ್ಸ್‌ಫಾರ್ಮರ್ ಸುತ್ತಿಸುವಾಗಲೇ 5 ವೋಲ್ಟಿನ ವೈಂಡಿಂಗ್ 3 ಆಂಪಿಯರ್ ತಾಳಬೇಕೆಂದು ಹೇಳಿದ್ದೆ. ಹಾಗಾಗಿ ಎಸಿ ಕರೆಂಟನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವುಗಳಾದ ಜಿಝಡ್34, 5ಯು4ಜಿ, 5ವೈ3ಜಿಟಿ ಮೂರನ್ನೂ ಅದೇ ಸಾಕೆಟ್ಟಿನಲ್ಲಿ ಕೂರಿಸಿ ನೋಡುವುದು ಸಾಧ್ಯವಾಯಿತು. ಕೇಳಿದ್ದು ಚೌಡಯ್ಯನವರ ಏಳು ತಂತಿಯ ಪಿಟೀಲು.

ಮೊದಲು ಮಲ್ಲಾರ್ಡ್ ಕಂಪನಿಯ ಜಿಝಡ್34. ಮೂರರಲ್ಲಿ ದುಬಾರಿ ಇದೇ; ಮುದ್ರೆ ಅಳಿಸಿ ಬೇರೆ ಹೆಸರು ಒತ್ತಿ ಮಾರುವವರೂ ಇದ್ದಾರೆ. ಬುಡದ ಗಾಜಿನ ಮೇಲಿನ ಸಂಕೇತದಲ್ಲಿ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಕಾರ್ಖಾನೆಯ 'ಬಿ' ಕಂಡ ಮೇಲೆಯೇ ಹಣ ಕೊಟ್ಟೆ. ಮೃದಂಗದ ಪೆಟ್ಟು ಗಟ್ಟಿ, ಪಿಟೀಲಿನ ಅಂಚು ಸ್ಪಷ್ಟ. 5ಯು4ಜಿ ಹಾಕಿದಾಗ ಅದೇ ಪಿಟೀಲು ತುಸು ಮೆತ್ತಗಾಯಿತು. 5ವೈ3ಜಿಟಿಯಲ್ಲಿ ಸದ್ದು ಏರಿಸಿದೊಡನೆ ಗೊಗ್ಗರು. ಅಷ್ಟಕ್ಕೇ ಅದನ್ನು ಬದಿಗಿಟ್ಟೆ.

ಆಮೇಲೆ ಮೀಟರ್ ಹಿಡಿದೆ. ರೆಕ್ಟಿಫೈಯರ್ ಆದ ಮೇಲಿನ ಮೊದಲ ಕಂಡೆನ್ಸರಿನ ಮೇಲೆ ಕ್ರಮವಾಗಿ 332, 308, 289 ವೋಲ್ಟ್. ಅಂದರೆ ನಾನು ಹೋಲಿಸುತ್ತಿದ್ದದ್ದು ವಾಲ್ವುಗಳನ್ನೋ, ವೋಲ್ಟೇಜನ್ನೋ? ಜಿಝಡ್34ರ ಮುಂದೆ 220 ಓಮ್‌ನ ವೈರ್‌ವೌಂಡ್ ರೆಸಿಸ್ಟರ್ ಸೇರಿಸಿ 5ಯು4ಜಿಗೆ ಸಮ ಮಾಡಿದೆ. ನಾನು ಬೆನ್ನು ತಿರುಗಿಸಿ ಕುಳಿತೆ, ಹೆಂಡತಿ ವಾಲ್ವ್ ಬದಲಿಸಿದಳು. ಹತ್ತು ಸಲ ಊಹಿಸಿದ್ದರಲ್ಲಿ ಸರಿಯಾದದ್ದು ಐದು. ಪ್ರತಿ ಸಲ ಸ್ವಿಚ್ ಆರಿಸಿ, ಮತ್ತೆ ಬಿಸಿಯಾಗಲು ಕಾಯುವಷ್ಟರಲ್ಲಿ ಹಿಂದಿನ ನಾದದ ನೆನಪು ಮಸುಕಾಗುತ್ತದೆ, ನಿಜ. ಆದರೂ 'ಸ್ಪಷ್ಟ ಅಂಚು' ಎಂದು ಮೊದಲ ದಿನ ಅಷ್ಟು ಧೈರ್ಯದಿಂದ ಹೇಳಿದ ಕಿವಿ ಇದೇ ತಾನೆ!

ರೆಕ್ಟಿಫೈಯರ್ 'ಕುಗ್ಗಿ' ನಾದ ಮೃದುವಾಗುತ್ತದೆ ಎಂಬ ಮಾತು ಗಿಟಾರ್ ಆಂಪ್ಲಿಫೈಯರ್‌ಗಳಿಂದ ಬಂದದ್ದು. ಅಲ್ಲಿ ಜೋರಾಗಿ ಬಾರಿಸಿದಾಗ ಎಳೆಯುವ ಕರೆಂಟ್ ಏರುತ್ತದೆ, ವೋಲ್ಟೇಜ್ ಇಳಿಯುತ್ತದೆ. ನನ್ನದು ಕ್ಲಾಸ್ ಎ. ಆಲಾಪನೆಯಾಗಲಿ ತನಿಯಾವರ್ತನವಾಗಲಿ, ಹೆಚ್ಚು ಕಡಿಮೆ ಅದೇ 100 ಮಿಲಿಆಂಪಿಯರ್.

ನಿಜವಾದ ವ್ಯತ್ಯಾಸ ಸ್ವಿಚ್ ಒತ್ತಿದ ಗಳಿಗೆಯಲ್ಲಿದೆ. 5ಯು4ಜಿಯ ಫಿಲಮೆಂಟೇ (ಬಿಸಿಯಾಗುವ ತಂತಿ) ಎಲೆಕ್ಟ್ರಾನ್ ಹೊರಸೂಸುವ ಕ್ಯಾಥೋಡ್, ಹಾಗಾಗಿ ಬೇಗ ಕೆಲಸಕ್ಕಿಳಿಯುತ್ತದೆ. 6ವಿ6 ಬಿಸಿಯಾಗಿ ಕರೆಂಟ್ ಎಳೆಯುವ ಮೊದಲೇ ಅದು ವೋಲ್ಟೇಜನ್ನು 390ರ ಸಮೀಪಕ್ಕೆ ಒಯ್ದು ನಿಲ್ಲಿಸಿತು. ಕಂಡೆನ್ಸರ್ 450 ವೋಲ್ಟಿನದಿದ್ದುದರಿಂದ ಬದುಕಿತು. ಜಿಝಡ್34 ನಿಧಾನವಾಗಿ ಏರುತ್ತದೆ. ಬಿಸಿಯ ಲೆಕ್ಕದಲ್ಲೂ ಅದೇ ಮೇಲು: 5ಯು4ಜಿ ಫಿಲಮೆಂಟಿಗೇ 15 ವ್ಯಾಟ್ ತಿನ್ನುತ್ತದೆ, ಜಿಝಡ್34ರ ಹೀಟರಿಗೆ ಒಂಬತ್ತೂವರೆ ಸಾಕು. ಏಪ್ರಿಲ್ ತಿಂಗಳಲ್ಲಿ ಪಕ್ಕದಲ್ಲಿ ಕುಳಿತವನಿಗೆ ಇದು ಗೊತ್ತಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ಒಂದು ಸಂಜೆ ಗೋಡೆಯ ಪ್ಲಗ್ಗಿಗೂ ಮೀಟರ್ ಇಟ್ಟೆ. ಮಧ್ಯಾಹ್ನ 235 ಇದ್ದದ್ದು 212ಕ್ಕೆ ಇಳಿದಿತ್ತು. ಸಾಕೆಟ್ಟಿನಲ್ಲಿ ಮಲ್ಲಾರ್ಡ್, ಕಂಡೆನ್ಸರಿನ ಮೇಲೆ 299. ಅಷ್ಟು ಹಣ ಕೊಟ್ಟು ತಂದ ವಾಲ್ವ್ ಸಂಜೆ ಏಳು ಗಂಟೆಗೆ 5ಯು4ಜಿಗಿಂತ ಕೆಳಗಿತ್ತು. ಮರುವಾರ ಸ್ಟೆಬಿಲೈಸರ್ ತಂದೆ.