ಜಾವಾ 250ಕ್ಕೆ ಹೊಸ ಜೋಡಿ ಸೈಲೆನ್ಸರ್: ಹಲವು ಮಳೆಗಾಲ ಓಡಿಸಿದ ಮೇಲೆ

ಹಳೆಯ ಜಾವಾ 250 ಬೈಕ್ ಇಟ್ಟುಕೊಂಡವರಿಗೆ ಸೈಲೆನ್ಸರಿನ ಚಿಂತೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಸಿಲಿಂಡರ್ ಒಂದೇ ಆದರೂ ಹೊಗೆ ಹೊರಬೀಳಲು ಎರಡು ಬಾಯಿ, ಇಂಜಿನ್ನಿನಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ ಎರಡು ಬೆಂಡ್ ಪೈಪ್, ಎರಡು ಉದ್ದನೆಯ ಸೈಲೆನ್ಸರ್. ಒಂದು ಕೆಟ್ಟಿತೆಂದರೆ ಇನ್ನೊಂದೂ ಅದರ ಬೆನ್ನಿಗೇ ಹೊರಟಿರುತ್ತದೆ. ನನ್ನ 353 ಮಾದರಿಯ ಗಾಡಿಯಲ್ಲಿ ಎಡಗಡೆಯದು ಹೊಟ್ಟೆಯ ಕೆಳಭಾಗದಲ್ಲಿ ತುಕ್ಕು ತಿಂದು, ವೆಲ್ಡಿಂಗ್ ಮಾಡಲು ಹೋದರೆ ಲೋಹವೇ ಕರಗಿ ತೂತು ದೊಡ್ಡದಾಗುವಷ್ಟು ತೆಳ್ಳಗಾಗಿತ್ತು. ಮೂಲ ಕಾರ್ಖಾನೆಯ ಮಾಲೇ ಬೇಕೆಂದು ಕಾಯುತ್ತಾ ಕೂತರೆ ಗಾಡಿ ಮೂಲೆ ಸೇರುತ್ತದೆ. ಹಾಗಾಗಿ ಮೂಲದ ಆಕಾರದಲ್ಲೇ ಹೊಸದಾಗಿ ತಯಾರಾದ ಒಂದು ಜೋಡಿಯನ್ನು ತಂದು ಕೂರಿಸಿದೆ. ಹಲವು ಮಳೆಗಾಲ ಅದರಲ್ಲೇ ಓಡಾಡಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ.

ತಯಾರಕರ ಹೆಸರು ಬರೆಯುವುದಿಲ್ಲ. ಇಂಥ ಸೈಲೆನ್ಸರುಗಳಲ್ಲಿ ಎಷ್ಟೋ ಬಾರಿ ಹೆಸರಿನ ಮುದ್ರೆಯೇ ಇರುವುದಿಲ್ಲ. ನೋಡಲು ಒಂದೇ ತೆರನಾದ ಎರಡು ಜೋಡಿಗಳ ಒಳಗು ಬೇರೆ ಬೇರೆ ಇರುತ್ತದೆ. ಹೆಸರು ಕೇಳಿ ಕೊಳ್ಳುವುದಕ್ಕಿಂತ ಒಳಗೆ ಏನಿದೆ ಎಂದು ನೋಡಿ ಕೊಳ್ಳುವುದು ಮೇಲು. ನಾನು ಮೊದಲು ಹೇಳಬೇಕಾದದ್ದೂ ಅದೇ: ಜಾವಾದಂಥ ಟೂ ಸ್ಟ್ರೋಕ್ (ಪಿಸ್ಟನ್ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಸರಿಯುವಷ್ಟರಲ್ಲೇ ಒಂದು ಆವರ್ತ ಮುಗಿಸುವ) ಗಾಡಿಯಲ್ಲಿ ಸೈಲೆನ್ಸರ್ ಎಂಬುದು ಇಂಜಿನ್ನಿನದೇ ಒಂದು ಅಂಗ.

ಈ ಇಂಜಿನ್ನಿಗೆ ಬೋರ್ (ಸಿಲಿಂಡರಿನ ಒಳ ಅಗಲ) 65 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಸರಿಯುವ ದೂರ) 75 ಮಿ.ಮೀ., ಒಟ್ಟು 248.5 ಸಿ.ಸಿ. ಕವಾಟಗಳೇ ಇಲ್ಲ, ಪಿಸ್ಟನ್ ಮೇಲೆ ಕೆಳಗೆ ಸರಿಯುತ್ತಾ ತಾನೇ ದ್ವಾರಗಳನ್ನು ತೆರೆಯುತ್ತದೆ, ಮುಚ್ಚುತ್ತದೆ. ಸುಟ್ಟ ಹೊಗೆ ಹೊರಗೆ ಹೋಗುವ ಹೊತ್ತಿಗೇ ಹೊಸ ಪೆಟ್ರೋಲ್ ಮಿಶ್ರಣ ಒಳಗೆ ನುಗ್ಗುತ್ತಿರುತ್ತದೆ, ಎರಡೂ ಬಾಗಿಲು ಕೆಲವು ಕ್ಷಣ ಒಟ್ಟಿಗೆ ತೆರೆದಿರುತ್ತವೆ. ಹೊಸ ಮಿಶ್ರಣ ಹೊಗೆಯ ಜೊತೆಗೇ ಹೊರಗೆ ಓಡಿಹೋಗದಂತೆ ತಡೆಯುವುದು ಪೈಪಿನೊಳಗೆ ಹಿಂದಿರುಗಿ ಬರುವ ಒತ್ತಡದ ಅಲೆ. ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 4,500 ಸುತ್ತಿನಲ್ಲಿ ಒಂದು ಸುತ್ತಿಗೆ ಸಿಗುವ ಸಮಯ 13 ಮಿಲಿಸೆಕೆಂಡಿಗಿಂತ ತುಸು ಹೆಚ್ಚು. 360 ಡಿಗ್ರಿಯ ಆ ಸುತ್ತಿನಲ್ಲಿ ಹೊಗೆಯ ದ್ವಾರ 160 ಡಿಗ್ರಿಯಷ್ಟು ತೆರೆದಿರುತ್ತದೆ ಎಂದಿಟ್ಟುಕೊಂಡರೆ ಸುಮಾರು 6 ಮಿಲಿಸೆಕೆಂಡು. ಬಿಸಿ ಹೊಗೆಯಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 500 ಮೀಟರ್. ಅಷ್ಟು ಹೊತ್ತಿನಲ್ಲಿ ಅದು 3 ಮೀಟರ್ ಓಡಬಲ್ಲದು, ಅಂದರೆ ಹೋಗಿ ಬರಲು ಒಂದೂವರೆ ಮೀಟರ್ ದಾರಿ. ಸೈಲೆನ್ಸರಿನ ಉದ್ದ, ಹೊಟ್ಟೆಯ ಗಾತ್ರ, ಒಳಗಿನ ಜಾಲಿ (ಸದ್ದು ತಗ್ಗಿಸುವ, ತಟ್ಟೆ ಮತ್ತು ರಂಧ್ರಗಳಿರುವ ಭಾಗ) ಇವೆಲ್ಲ ಈ ಅಲೆ ಯಾವಾಗ ಮರಳಬೇಕು, ಎಷ್ಟು ಬಲವಾಗಿ ಮರಳಬೇಕು ಎಂಬುದನ್ನು ನಿರ್ಧರಿಸುತ್ತವೆ. ಜಾಲಿ ಕಿತ್ತೆಸೆದು, ಬುಡ ಕತ್ತರಿಸಿ ಗಾಡಿಗೆ ಶಕ್ತಿ ಬಂತು ಎನ್ನುವವರಿಗೆ ಬಂದದ್ದು ಸದ್ದು ಮಾತ್ರ. ತಗ್ಗಿನ ವೇಗದಲ್ಲಿ ಎಳೆಯುವ ಗುಣವೇ ಜಾವಾದ ಜೀವ. ಅದು ಹೋದ ಗಾಡಿಯನ್ನು ಏರಿನಲ್ಲಿ ಮೂರನೇ ಗೇರಿಗೆ ಹಾಕಿ ನೋಡಿದರೆ ನಷ್ಟ ಏನೆಂದು ತಿಳಿಯುತ್ತದೆ.

ಆದ್ದರಿಂದ ಕೊಳ್ಳುವಾಗ ಕ್ರೋಮಿನ ಹೊಳಪನ್ನು ಕೊನೆಗೆ ನೋಡಿದೆ. ಹಿಂಬದಿಯ ನಟ್ ಬಿಚ್ಚಿ ಜಾಲಿಯನ್ನು ಹೊರಗೆ ಎಳೆದು, ಹಳೆಯದರ ಪಕ್ಕದಲ್ಲಿಟ್ಟು ಉದ್ದ, ತಟ್ಟೆಗಳ ಅಂತರ, ರಂಧ್ರಗಳ ಸಾಲು, ಬಾಯಿಯ ಅಗಲ ಅಳೆದೆ. ಅಗ್ಗದ ಜೋಡಿಗಳಲ್ಲಿ ಜಾಲಿಯ ಬದಲು ಒಂದು ತುಂಡು ಕೊಳವೆ ಇರುತ್ತದೆ, ಇಲ್ಲವೇ ಜಾಲಿಯನ್ನು ಒಳಗೇ ವೆಲ್ಡ್ ಮಾಡಿ ಬಿಟ್ಟಿರುತ್ತಾರೆ. ಎರಡನೆಯದು ಇನ್ನೂ ಕೆಟ್ಟದ್ದು. ಪೆಟ್ರೋಲಿನ ಜೊತೆ ಎಣ್ಣೆ ಸುಡುವ ಇಂಜಿನ್ನಿನಲ್ಲಿ ಮಸಿ ಕಟ್ಟುವುದು ಖಚಿತ. ಬಿಚ್ಚಲು ಬಾರದ ಜಾಲಿ ಎಂದರೆ ಮುಚ್ಚಿಕೊಂಡ ದಿನವೇ ಎಸೆಯಬೇಕಾದ ಸೈಲೆನ್ಸರ್. ನನ್ನ ಜೋಡಿಯ ಜಾಲಿ ಬಿಚ್ಚಿ ಬರುತ್ತದೆ, ಅಳತೆಯೂ ಮೂಲಕ್ಕೆ ತೀರ ಹತ್ತಿರ. ತಗಡು ಮಾತ್ರ ಮೂಲದ್ದಕ್ಕಿಂತ ತೆಳು, ಕೈಯಲ್ಲಿ ಹಿಡಿದಾಗಲೇ ಗೊತ್ತಾಗುತ್ತದೆ.

ಕೂರಿಸುವ ಕೆಲಸದಲ್ಲಿ ಅವಸರ ಸಲ್ಲದು. ಹಳೆಯ ಬೆಂಡ್ ಪೈಪನ್ನು ಹಿಡಿದಿರುವ ರಿಂಗ್ ನಟ್ ವರ್ಷಗಟ್ಟಲೆ ಕಾದು ತಣಿದು ಥ್ರೆಡ್ಡಿಗೆ ಅಂಟಿಕೊಂಡಿರುತ್ತದೆ. ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದು ತಿರುಗಿಸುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ನಟ್ಟಿನ ಹಲ್ಲು ಮುರಿಯುತ್ತದೆ, ಸಿಲಿಂಡರಿನ ಥ್ರೆಡ್ ಹಾಳಾದರೆ ಆ ಹಾನಿಗೆ ಸುಲಭದ ಪರಿಹಾರವಿಲ್ಲ. ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಬಿಟ್ಟು, ಮರುದಿನ ಇಂಜಿನ್ ಸ್ವಲ್ಪ ಬಿಸಿಯಾದ ಮೇಲೆ ಅಳತೆಗೆ ಸರಿಯಾದ ಹುಕ್ ಸ್ಪ್ಯಾನರ್ ಹಾಕಿ ನಿಧಾನವಾಗಿ ಒತ್ತಿದರೆ ಬರುತ್ತದೆ. ಥ್ರೆಡ್ಡನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ತಾಮ್ರದ ಗ್ರೀಸನ್ನು ತೆಳುವಾಗಿ ಸವರಿ, ಹೊಸ ಪ್ಯಾಕಿಂಗ್ (ಸಂದಿನಲ್ಲಿ ಹೊಗೆ ಸೋರದಂತೆ ಹಾಕುವ ಬಳೆ) ಹಾಕಿಯೇ ಪೈಪ್ ಕೂರಿಸಬೇಕು. ಹಳೆಯ ಪ್ಯಾಕಿಂಗ್ ಎಷ್ಟು ಚೆನ್ನಾಗಿ ಕಂಡರೂ ಒಮ್ಮೆ ಅದುಮಿಕೊಂಡದ್ದು ಮತ್ತೆ ಸರಿಯಾಗಿ ಮುಚ್ಚುವುದಿಲ್ಲ.

ಆಮೇಲೆ ಎಲ್ಲವನ್ನೂ ಸಡಿಲವಾಗಿಯೇ ಜೋಡಿಸಬೇಕು. ರಿಂಗ್ ನಟ್ ಕೈಬಿಗಿತದಲ್ಲಿ, ಕ್ಲಾಂಪ್ ಸಡಿಲ, ಹಿಂದಿನ ಬ್ರಾಕೆಟ್ಟಿನ ಬೋಲ್ಟ್ ಸಡಿಲ. ದೂರ ನಿಂತು ಹಿಂದಿನಿಂದ ನೋಡಿ ಎರಡೂ ಸೈಲೆನ್ಸರ್ ಒಂದೇ ಎತ್ತರದಲ್ಲಿವೆಯೇ ಎಂದು ಪರೀಕ್ಷಿಸಿ. ಸೈಲೆನ್ಸರಿನ ಬಾಯಲ್ಲಿ ಕ್ಲಾಂಪ್ ಹಿಡಿಯಲೆಂದು ಸೀಳು ಕತ್ತರಿಸಿರುತ್ತಾರೆ. ಬೆಂಡ್ ಪೈಪಿನ ತುದಿ ಆ ಸೀಳನ್ನು ದಾಟಿ ಒಳಗೆ ಹೋಗಿರಲೇಬೇಕು. ಹೋಗದಿದ್ದರೆ ಕ್ಲಾಂಪನ್ನು ಎಷ್ಟು ಬಿಗಿದರೂ ಸೀಳಿನಿಂದ ಎಣ್ಣೆಮಸಿ ಒಸರುತ್ತಲೇ ಇರುತ್ತದೆ. ನನ್ನ ಜೋಡಿಯಲ್ಲಿ ಬಲಗಡೆಯದು ಸರಾಗವಾಗಿ ಕೂತಿತು. ಎಡಗಡೆಯ ಬ್ರಾಕೆಟ್ ಮಾತ್ರ ಚಾಸಿಸ್ಸಿನ ತೂತಿಗೆ ಎದುರಾಗಿ ಬಾರದೆ, ನಡುವೆ ಬೆರಳಿನ ದಪ್ಪದಷ್ಟು ಅಂತರ ಉಳಿಯಿತು. ಇಂಥಲ್ಲಿ ಬೋಲ್ಟ್ ಬಿಗಿದು ಎಳೆದು ಕೂರಿಸುವ ಆಸೆ ಬರುತ್ತದೆ. ಎಳೆದು ಕಟ್ಟಿದ ಸೈಲೆನ್ಸರ್ ಹಗಲಿರುಳೂ ಬ್ರಾಕೆಟ್ಟಿನ ವೆಲ್ಡಿಂಗನ್ನು ಹಿಂಡುತ್ತಿರುತ್ತದೆ. ಅದರ ಮೇಲೆ ಇಂಜಿನ್ನಿನ ನಡುಕ ಬೇರೆ. ಅಂತರದಷ್ಟೇ ದಪ್ಪದ ಸ್ಪೇಸರ್ ಮಾಡಿಸಿ ಇಟ್ಟೆ. ಬಿಗಿಯುವಾಗ ಮುಂದಿನಿಂದ ಹಿಂದಕ್ಕೆ: ಮೊದಲು ರಿಂಗ್ ನಟ್, ನಂತರ ಕ್ಲಾಂಪ್, ಕೊನೆಗೆ ಬ್ರಾಕೆಟ್. ಗಾಡಿ ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿ, ತಣಿದ ಮೇಲೆ ಮತ್ತೊಮ್ಮೆ ಅದೇ ಕ್ರಮದಲ್ಲಿ ಬಿಗಿಯಬೇಕು. ಹೊಸ ಪ್ಯಾಕಿಂಗ್ ಕಾದು ಕುಗ್ಗುವುದರಿಂದ ಈ ಎರಡನೆಯ ಬಿಗಿತ ಮೊದಲಿನದಕ್ಕಿಂತ ಮುಖ್ಯ. ಸ್ಟ್ಯಾಂಡ್ ಮಡಚಿದಾಗ, ಬ್ರೇಕ್ ಪೆಡಲ್ ಒತ್ತಿದಾಗ, ಹಿಂದೆ ಜನ ಕೂತು ಶಾಕ್ ಅಬ್ಸಾರ್ಬರ್ ಕುಸಿದಾಗ ಎಲ್ಲೂ ತಾಗಬಾರದು. ಹಿಂದಿನ ಚಕ್ರದ ಆಕ್ಸಲ್ ಎಳೆಯಲು ದಾರಿ ಉಳಿದಿದೆಯೇ ಎಂದೂ ಆಗಲೇ ನೋಡಿಬಿಡಿ, ರಸ್ತೆಬದಿಯಲ್ಲಿ ಪಂಕ್ಚರ್ ಆದಾಗ ನೋಡುವುದಲ್ಲ.

ಸೈಲೆನ್ಸರ್ ಬದಲಿಸಿದ ಮೇಲೆ ಕಾರ್ಬುರೇಟರನ್ನು ಪರೀಕ್ಷಿಸದೆ ದೂರ ಹೋಗಬೇಡಿ. ಹೊಗೆ ಮೊದಲಿಗಿಂತ ಸಲೀಸಾಗಿ ಹೊರಹೋದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಬಹುದು. ಟೂ ಸ್ಟ್ರೋಕಿನಲ್ಲಿ ಪೆಟ್ರೋಲ್ ಕಡಿಮೆ ಎಂದರೆ ಎಣ್ಣೆಯೂ ಕಡಿಮೆ, ತಂಪೂ ಕಡಿಮೆ. ಪಿಸ್ಟನ್ ಸೀಜ್ ಆಗುವುದು, ಅಂದರೆ ಸಿಲಿಂಡರಿನೊಳಗೆ ಕಚ್ಚಿಕೊಳ್ಳುವುದು, ಹೀಗೆಯೇ. ನೇರ ರಸ್ತೆಯಲ್ಲಿ ಥ್ರಾಟಲ್ ಪೂರ್ತಿ ತೆರೆದು ಸ್ವಲ್ಪ ದೂರ ಓಡಿಸಿ, ಕ್ಲಚ್ ಹಿಡಿದು ಇಂಜಿನ್ ಆರಿಸಿ, ನಿಂತಲ್ಲೇ ಪ್ಲಗ್ ಬಿಚ್ಚಿ ನೋಡಬೇಕು. ತಿಳಿಗಂದು ಬಣ್ಣವಿದ್ದರೆ ನೆಮ್ಮದಿ, ಬೆಳ್ಳಗಿದ್ದರೆ ದೊಡ್ಡ ಮೇನ್ ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡು) ಬೇಕು, ಕಪ್ಪಾಗಿ ಒದ್ದೆಯಾಗಿದ್ದರೆ ಚಿಕ್ಕದು. ನನ್ನ ಗಾಡಿಗೆ ಮೊದಲಿದ್ದ ಜೆಟ್ಟೇ ಹೊಂದಿಕೊಂಡಿತು. ಪೆಟ್ರೋಲ್ ಸ್ವಲ್ಪ ಹೆಚ್ಚು ಬರಲೆಂದು ಕಾರ್ಬುರೇಟರಿನ ಸೂಜಿಯನ್ನು ಒಂದು ಕಚ್ಚು ಮೇಲೆತ್ತಿದ್ದು ಬಿಟ್ಟರೆ ಬೇರೇನೂ ಬೇಕಾಗಲಿಲ್ಲ. ಜಾಲಿ ಮೂಲದ ಅಳತೆಯಲ್ಲೇ ಇದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಬೇಕಿಲ್ಲ.

ಓಟ ಹೇಗಿದೆ? ಪಿಕಪ್ ಮೊದಲಿನಂತೆಯೇ ಇದೆ, ಏರಿನಲ್ಲಿ ಗಾಡಿ ಸೋಲುವುದಿಲ್ಲ. ಸದ್ದು ಮೂಲದ್ದಕ್ಕಿಂತ ಕೊಂಚ ಗಟ್ಟಿ, ತೆಳು ತಗಡಿನ ಕಾರಣ ವೇಗದಲ್ಲಿ ಒಂದು ಲೋಹದ ಝೇಂಕಾರ ಸೇರಿಕೊಳ್ಳುತ್ತದೆ. ಐಡಲಿಂಗಿನಲ್ಲಿ ಮಾತ್ರ ಅದೇ ಹಳೆಯ ತುಂಬುದನಿ. ಆ ದನಿಗಾಗಿಯೇ ಈ ಗಾಡಿಯನ್ನು ಪ್ರೀತಿಸುವವನು ನಾನು, ಅದು ಉಳಿದದ್ದು ನನಗೆ ನಿಜವಾದ ಸಂತೋಷ. ಬೆಳಗಿನ ಜಾವ ಗಾಡಿ ತೆಗೆದರೂ ಬೀದಿಯವರ ನಿದ್ದೆ ಕೆಡುವುದಿಲ್ಲ. ಹಳೆಯ ಗಾಡಿಗಳ ಬಗ್ಗೆ ಜನರಿಗೆ ಅಕ್ಕರೆ ಉಳಿಯಬೇಕಾದರೆ ಅವು ಕಿವಿಗೆ ಹಿತವಾಗಿರಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಕ್ರೋಮ್ ಬಗ್ಗೆ ಮಿಶ್ರ ಅಭಿಪ್ರಾಯ. ಹೊರಮೈ ಇನ್ನೂ ಹೊಳೆಯುತ್ತದೆ, ಆದರೆ ಕೆಳಗಿನ ಜೋಡಣೆಯ ಅಂಚಿನಲ್ಲಿ ಎರಡನೆಯ ಮಳೆಗಾಲಕ್ಕೇ ಕೆಂಪು ಚುಕ್ಕೆಗಳು ಕಾಣಿಸಿಕೊಂಡವು. ಪಾಲಿಷ್ ಮಾಡುವವರು ತಲುಪದ ಮೂಲೆಯಲ್ಲಿ ಲೇಪ ತೆಳುವಾಗಿ ಬಿದ್ದಿದೆ. ಮಳೆಯಲ್ಲಿ ಓಡಿಸಿ ಬಂದ ದಿನ ಕೆಳಗಿನಿಂದ ಒರೆಸಿ ಎಣ್ಣೆಬಟ್ಟೆ ಸವರುವುದರಿಂದ ಅದು ಹರಡಿಲ್ಲ. ಬೆಂಡ್ ಪೈಪಿನ ಬುಡ ಮೊದಲ ತಿಂಗಳುಗಳಲ್ಲೇ ಹೊಂಬಣ್ಣಕ್ಕೆ ತಿರುಗಿ ಅಲ್ಲಿಗೇ ನಿಂತಿತು. ಶಾಖಕ್ಕೆ ಕ್ರೋಮಿನ ಮೇಲೆ ತೆಳುವಾದ ಆಕ್ಸೈಡ್ ಪದರ ಕಟ್ಟುವುದರಿಂದ ಈ ಬಣ್ಣ. ಅಷ್ಟಕ್ಕೆ ಗಾಬರಿ ಬೇಡ. ಅದು ಗಾಢ ನೀಲಿಯಾಗಿ ಕೆಳಗೆ ಕೆಳಗೆ ಇಳಿಯುತ್ತಾ ಬಂದರೆ ಮಾತ್ರ ಇಗ್ನಿಷನ್ ಟೈಮಿಂಗ್ (ಪ್ಲಗ್ ಕಿಡಿ ಹೊತ್ತಿಸುವ ಹೊತ್ತು) ಹಿಂದೆ ಬಿದ್ದಿದೆಯೇ, ಮಿಶ್ರಣ ತೆಳುವಾಗಿದೆಯೇ ಎಂದು ನೋಡಬೇಕು. ಒಳಗಿನ ತುಕ್ಕಿನ ಭಯ ಟೂ ಸ್ಟ್ರೋಕಿನಲ್ಲಿ ಕಡಿಮೆ, ಏಕೆಂದರೆ ಸುಡದೆ ಉಳಿದ ಎಣ್ಣೆಯೇ ಒಳಮೈಗೆ ಲೇಪವಾಗುತ್ತದೆ. ಆದರೆ ಬಿಸಿಯಾಗುವ ಮೊದಲೇ ನಿಲ್ಲಿಸುವ ಗಿಡ್ಡ ಓಡಾಟಗಳು ಒಳಗೆ ನೀರು ಕಟ್ಟಿಸುತ್ತವೆ. ವಾರಕ್ಕೊಮ್ಮೆಯಾದರೂ ಗಾಡಿಯನ್ನು ಪೂರ್ತಿ ಬಿಸಿಯಾಗುವಷ್ಟು ಓಡಿಸಿ.

ನನ್ನ ದೊಡ್ಡ ದೂರು ಹಿಂಬದಿಯ ನಟ್ಟಿನ ಬಗ್ಗೆ. ಜಾಲಿ ಹಿಡಿದಿಡುವ ಆ ಸಣ್ಣ ನಟ್ ನಡುಕಕ್ಕೆ ಸಡಿಲಾಗುತ್ತದೆ, ಜಾಲಿ ಗಲಗಲ ಎನ್ನತೊಡಗುತ್ತದೆ. ತಯಾರಕರು ಸಾದಾ ವಾಷರ್ ಕೊಟ್ಟಿದ್ದರು. ಸ್ಪ್ರಿಂಗ್ ವಾಷರ್ ಮತ್ತು ಇನ್ನೊಂದು ಲಾಕ್ ನಟ್ ಹಾಕಿದ ಮೇಲೆ ನಿಂತಿತು. ಇಷ್ಟು ಅಳತೆಯಿಟ್ಟು ಜಾಲಿ ಮಾಡಿದವರು ಈ ಸಣ್ಣದರಲ್ಲಿ ಜಿಪುಣತನ ಮಾಡಬಾರದಿತ್ತು.

ಮಸಿ ತೆಗೆಯುವುದು ಸುಲಭ. ಗಾಡಿ ಮಂಕಾಗಿ, ಥ್ರಾಟಲ್ ಕೊಟ್ಟರೂ ವೇಗ ಏರದಿದ್ದಾಗ ಬಹಳ ಜನ ಮೊದಲು ಕಾರ್ಬುರೇಟರ್ ಬಿಚ್ಚುತ್ತಾರೆ. ನೀವು ಜಾಲಿ ಬಿಚ್ಚಿ. ಉಕ್ಕಿನ ಜಾಲಿಯನ್ನು ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಸಿಟ್ಟರೆ ಮಸಿ ಮೆತ್ತಗಾಗಿ ಬಿಟ್ಟುಕೊಳ್ಳುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಅದನ್ನು ಮುಟ್ಟಬೇಡಿ, ಬಯಲಿನಲ್ಲೇ ಮಾಡಿ, ಅಲ್ಯೂಮಿನಿಯಂ ಭಾಗ ಯಾವುದನ್ನೂ ಅದರಲ್ಲಿ ಅದ್ದಬೇಡಿ. ಸೋಡಾ ಅಲ್ಯೂಮಿನಿಯಮ್ಮನ್ನು ತಿಂದುಹಾಕುತ್ತದೆ. ಸೈಲೆನ್ಸರಿನ ದೇಹವನ್ನೇ ಬೆಂಕಿಯಲ್ಲಿ ಕಾಯಿಸಿ ಮಸಿ ಸುಡುವ ಪದ್ಧತಿಯೂ ಇದೆ, ಅದರಿಂದ ಕ್ರೋಮ್ ಸತ್ತುಹೋಗುತ್ತದೆ. ಇಂಜಿನ್ನಿನ ಹೊಗೆದ್ವಾರದ ಮಸಿಯನ್ನೂ ಆಗಲೇ ಮರದ ಕಡ್ಡಿಯಿಂದ ಕೆರೆದುಬಿಡಿ. ಪಿಸ್ಟನ್ನನ್ನು ಕೆಳಕ್ಕೆ ಇಳಿಸಿಕೊಂಡು ಕೆರೆಯಬೇಕು, ಉಕ್ಕಿನ ಸಾಧನ ತಾಗಿಸಬಾರದು.

ಪ್ರದರ್ಶನಕ್ಕೆಂದು ಗಾಡಿ ಸಿದ್ಧಪಡಿಸುವವರಿಗೆ ಈ ಜೋಡಿ ಹಿಡಿಸಲಿಕ್ಕಿಲ್ಲ. ವೆಲ್ಡಿಂಗಿನ ಗೆರೆ, ತಗಡಿನ ತೆಳುವು ಬಲ್ಲವರ ಕಣ್ಣಿಗೆ ಬೀಳುತ್ತವೆ. ದಿನವೂ ಓಡಿಸುವವರು ಧೈರ್ಯವಾಗಿ ಕೊಳ್ಳಬಹುದು, ಇದು ಸವೆದ ಮೇಲೆ ನಾನು ಮತ್ತೆ ಇಂಥದ್ದನ್ನೇ ತರುತ್ತೇನೆ. ಕಳಚಿದ ಹಳೆಯ ಸೈಲೆನ್ಸರನ್ನು ಗುಜರಿಗೆ ಹಾಕುವ ಮೊದಲು ಅದರ ಜಾಲಿಯನ್ನು ತೆಗೆದು, ಎಣ್ಣೆ ಸವರಿ ಇಟ್ಟುಕೊಳ್ಳಿ. ಮುಂದೆ ಯಾವ ಜೋಡಿ ಕೊಂಡರೂ ಪಕ್ಕದಲ್ಲಿಟ್ಟು ಅಳೆಯಲು ಅದು ಬೇಕಾಗುತ್ತದೆ.