ಟಬ್ಬು, ಡ್ರಾಯರು, ಬುಟ್ಟಿ, ರ್ಯಾಕು: ನಮ್ಮ ಮನೆಯ ಆಟದ ಸಾಮಾನು ಕೊನೆಗೆ ಎಲ್ಲಿ ನಿಂತಿತು

ನಾವಿರುವುದು ಚಿಕ್ಕಮಗಳೂರಿನ ಕಲ್ಯಾಣನಗರದಲ್ಲಿ. ಬಾಡಿಗೆ ಮನೆ, ಎರಡು ರೂಮು, ಒಂದು ಹಾಲ್. ಮಗಳಿಗೆ 5 ವರ್ಷ, ಮಗನಿಗೆ ಎರಡೂವರೆ. ಸಂಜೆ ಆಟದ ಸಾಮಾನು ಎತ್ತಿಡುವ ಕೆಲಸ ನನ್ನದು. ಹೆಂಡತಿ ಆ ಹೊತ್ತಿಗೆ ಅಡುಗೆಮನೆಯಲ್ಲಿರುತ್ತಾಳೆ. ಅಮ್ಮ ಬಗ್ಗಿದರೆ ಸೊಂಟ ಹಿಡಿಯುತ್ತದೆ.

ಕಳೆದ ವರ್ಷ ಮಳೆಗಾಲದ ಒಂದು ರಾತ್ರಿ ಅಮ್ಮ ನೀರು ಕುಡಿಯಲು ಎದ್ದು ಬಂದರು. ಹಾಲ್‌ನಲ್ಲಿ ಬಿದ್ದಿದ್ದ ಪುಟ್ಟ ಮರದ ಗಾಡಿಯ ಮೇಲೆ ಕಾಲಿಟ್ಟು ಜಾರಿದರು. ಕೈಗೆ ಗೋಡೆ ಸಿಕ್ಕಿತು, ಪುಣ್ಯ. ಅವತ್ತೇ ತೀರ್ಮಾನ ಮಾಡಿದೆ, ಇದಕ್ಕೊಂದು ದಾರಿ ಹುಡುಕಲೇಬೇಕು ಅಂತ. ಅಲ್ಲಿಂದ ಇಲ್ಲಿವರೆಗೆ ಟಬ್ಬು, ಡ್ರಾಯರು, ಬುಟ್ಟಿ, ರ್ಯಾಕು ಒಂದೊಂದನ್ನೂ ತಿಂಗಳುಗಟ್ಟಲೆ ಬಳಸಿ ನೋಡಿದ್ದೇನೆ. ಎಷ್ಟು ಸಾಮಾನು ಹಿಡಿಯುತ್ತದೆ ಅನ್ನುವುದನ್ನು ನಾನು ಜಾಸ್ತಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮಗು ತಾನೇ ತೆಗೆದು ತಾನೇ ವಾಪಸ್ ಇಡುತ್ತದಾ? ನಮ್ಮೂರ ಮಳೆಗೆ ತಡೆಯುತ್ತದಾ? ನಾವು ಪಕ್ಕದಲ್ಲಿ ಇಲ್ಲದಾಗ ಅಪಾಯ ಇಲ್ಲವಾ? ಇಷ್ಟೇ ನೋಡಿದ್ದು.

ಮೊದಲು ತಂದದ್ದು ಟಬ್. ಮಕ್ಕಳಿರುವ ಎಲ್ಲರ ಮನೆಯಲ್ಲೂ ಇದು ಇರುತ್ತದೆ, ಅಲ್ವಾ? ಮಾರ್ಕೆಟ್ ರೋಡಿನಿಂದ 60 ಲೀಟರಿನದು ತಂದೆ. ಮುಚ್ಚಳ ಸೇರಿ 650 ರೂಪಾಯಿ. ಮೊದಲ ವಾರ ತುಂಬ ಖುಷಿಯಾಗಿತ್ತು. ನೆಲದ ಮೇಲಿದ್ದದ್ದನ್ನೆಲ್ಲ ಬಾಚಿ ಒಳಗೆ ಹಾಕಿದರೆ ನಾಲ್ಕೇ ನಿಮಿಷದಲ್ಲಿ ಮನೆ ಚೊಕ್ಕ. ಆದರೆ ಬೆಳಿಗ್ಗೆ ಮಗಳಿಗೆ ಬೇಕಾಗುವುದು ಅಡುಗೆ ಸೆಟ್ಟಿನ ಪುಟ್ಟ ಕಾವಲಿ. ಅದು ತಳದಲ್ಲಿರುತ್ತದೆ. ಅವಳ ಕೈ ಅಲ್ಲಿಗೆ ಮುಟ್ಟುವುದಿಲ್ಲ. ಹಾಗಾಗಿ ಟಬ್ಬನ್ನೇ ಕವುಚುತ್ತಾಳೆ. ಆಮೇಲೆ ಕಾವಲಿ ಒಂದನ್ನು ಎತ್ತಿಕೊಂಡು ಹೋಗುತ್ತಾಳೆ, ಉಳಿದದ್ದೆಲ್ಲ ಅಲ್ಲೇ. ಸಂಜೆ ಉಳಿಸಿದ ಸಮಯವನ್ನು ಟಬ್ ಬೆಳಿಗ್ಗೆ ಬಡ್ಡಿ ಸಮೇತ ವಸೂಲಿ ಮಾಡುತ್ತಿತ್ತು.

ಇನ್ನೂ ಬೇಜಾರಾಗಿದ್ದು ಸಾಮಾನು ಹಾಳಾದದ್ದಕ್ಕೆ. 24 ತುಂಡಿನ ಪಜಲ್ ಎರಡು ತಿಂಗಳಲ್ಲಿ 19ಕ್ಕೆ ಇಳಿಯಿತು. ಚನ್ನಪಟ್ಟಣದ ಗೊಂಬೆಗಳ ಮೇಲೆ ಕಬ್ಬಿಣದ ಕಾರುಗಳು ಬಿದ್ದು ಬಣ್ಣ ಚಕ್ಕೆ ಎದ್ದಿತು. ಆಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ ಮಾಡುವ ಗೊಂಬೆಗಳು ಅವು. ಹೀಗೆ ಒಂದರ ಮೇಲೊಂದು ಸುರಿಯುವಂಥವಲ್ಲ, ನೀರಲ್ಲಿ ನೆನೆಸುವಂಥವೂ ಅಲ್ಲ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಮಳೆಗಾಲದಲ್ಲಿ ಟಬ್ಬಿನ ಇನ್ನೊಂದು ಮುಖ ಕಂಡಿತು. ಮಗ ಬಚ್ಚಲಿನಿಂದ ಒದ್ದೆ ಬಾತುಕೋಳಿ ತಂದು ಒಳಗೆ ಹಾಕಿದ್ದ. ಮೇಲೆ ಬಿಗಿ ಮುಚ್ಚಳ. ಹತ್ತು ದಿನ ಬಿಟ್ಟು ತೆಗೆದರೆ ಮುಗ್ಗಲು ವಾಸನೆ, ಮರದ ಗೊಂಬೆಗಳ ಮೇಲೆ ಬಿಳಿ ಬೂಷ್ಟು. ಆ ಬಾತುಕೋಳಿಯನ್ನು ಕತ್ತರಿಸಿ ನೋಡಿದೆ, ಒಳಗೆಲ್ಲ ಕಪ್ಪು. ಹೊಟ್ಟೆಯಲ್ಲಿ ತೂತಿರುವ, ನೀರು ಚಿಮ್ಮಿಸುವ ಆಟಿಕೆಗಳಲ್ಲಿ ನೀರು ಪೂರ್ತಿ ಆರುವುದೇ ಇಲ್ಲ. ಮಕ್ಕಳು ಅದನ್ನೇ ಬಾಯಿಗೂ ಇಡುತ್ತಾರೆ. ಈಗ ತೂತಿಲ್ಲದ ಆಟಿಕೆಗಳನ್ನು ಮಾತ್ರ ಬಚ್ಚಲಿಗೆ ಬಿಡುತ್ತೇವೆ. ಟಬ್ಬಿನ ಬದಿಗೆ ಕಾದ ಮೊಳೆಯಿಂದ ತೂತು ಮಾಡಿ ನೋಡಿದೆ. ವಾಸನೆ ಕಡಿಮೆಯಾಯಿತು, ಆದರೆ ಕವುಚಿ ಹಾಕುವುದು ನಿಲ್ಲಲಿಲ್ಲ.

ಟಬ್ಬಿಗೆ ನೇರ ಎದುರಾಳಿ ಅಂದರೆ ಐದು ಅರೆಯ ಪ್ಲಾಸ್ಟಿಕ್ ಡ್ರಾಯರ್. 1,850 ರೂಪಾಯಿ ಕೊಟ್ಟೆ. ಟಬ್ಬಿನಲ್ಲಿ ಎಲ್ಲ ಕಲಸಿಹೋಗುತ್ತಿತ್ತು, ಇಲ್ಲಿ ಎಲ್ಲದಕ್ಕೂ ಒಂದೊಂದು ಮನೆ. ಪ್ರತಿ ಅರೆಗೂ ಮಗಳೇ ಚಿತ್ರ ಬರೆದು ಅಂಟಿಸಿದಳು. ಒಂದರಲ್ಲಿ ಕಾರು, ಒಂದರಲ್ಲಿ ಪಾತ್ರೆ, ಒಂದರಲ್ಲಿ ಬಣ್ಣದ ಕಡ್ಡಿ. ಅವಳ ವಯಸ್ಸಿಗೆ ಇದಕ್ಕಿಂತ ಚೆನ್ನಾಗಿ ಹೊಂದುವುದು ಇನ್ನೊಂದಿಲ್ಲ. ಒಂದನ್ನು ಎಳೆಯುತ್ತಾಳೆ, ಬೇಕಾದ್ದು ತೆಗೆಯುತ್ತಾಳೆ, ತಳ್ಳುತ್ತಾಳೆ. ಬೂಷ್ಟಿನ ಕಾಟವೂ ಟಬ್ಬಿನಷ್ಟು ಇರಲಿಲ್ಲ.

ಮಗನಿಗೆ ಅದು ಏಣಿಯಾಯಿತು. ಒಂದು ಮಧ್ಯಾಹ್ನ ಕೆಳಗಿನ ಎರಡು ಅರೆ ಎಳೆದು, ಅದರ ಮೇಲೆ ಕಾಲಿಟ್ಟು ಮೇಲಿನದಕ್ಕೆ ಕೈ ಹಾಕಿದ. ಇಡೀ ಡ್ರಾಯರ್ ಅವನ ಕಡೆಗೆ ಬಾಗಿತು. ನಾನು ಎರಡು ಹೆಜ್ಜೆ ದೂರದಲ್ಲಿದ್ದೆ, ಹಿಡಿದುಕೊಂಡೆ. ಅರೆಗಳು ಹೊರಗೆ ಬಂದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಮೇಲಿಂದ ಮಗುವಿನ ತೂಕ ಬೇರೆ. ಮಕ್ಕಳಿರುವ ಮನೆಯಲ್ಲಿ ಇಂಥದ್ದನ್ನು ಗೋಡೆಗೆ ಬಿಗಿಯಲೇಬೇಕು. ಆದರೆ ತೆಳು ಪ್ಲಾಸ್ಟಿಕ್ ಬೆನ್ನಿನಲ್ಲಿ ಸ್ಕ್ರೂ ನಿಲ್ಲುವುದಿಲ್ಲ. ಅವತ್ತೇ ಚಕ್ರ ಬಿಚ್ಚಿದೆ. ಮೂರು ಅರೆ ಮಾತ್ರ ಉಳಿಸಿ ಮಗಳ ಓದುವ ಮೇಜಿನ ಕೆಳಗೆ ತಳ್ಳಿದೆ. ಅಲ್ಲಿ ಅವಳ ಬಣ್ಣ, ಕಾಗದ, ಅಂಟು ಇರುತ್ತವೆ. ಮನೆಯ ಅತಿ ಚಿಕ್ಕ ಮಗುವಿಗೂ 4 ವರ್ಷ ದಾಟಿದ್ದರೆ ಡ್ರಾಯರ್ ಬಗ್ಗೆ ಯೋಚಿಸಬಹುದು. ಅದಕ್ಕೂ ಮುಂಚೆ ನನಗೆ ಧೈರ್ಯ ಸಾಲದು.

ಅಜ್ಜನ ಕಾಲದ ಮರದ ಪೆಟ್ಟಿಗೆಯನ್ನೂ ಒಂದು ವಾರ ಇಟ್ಟು ನೋಡಿದೆವು. ಮುಚ್ಚಳ ಭಾರ. ಎತ್ತಿ ನಿಲ್ಲಿಸಿದರೆ ಯಾವಾಗ ಬೇಕಾದರೂ ಮಗುವಿನ ಕುತ್ತಿಗೆ ಮೇಲೆ ಬೀಳಬಹುದು. ಅದನ್ನು ಇಷ್ಟಕ್ಕೇ ಬಿಟ್ಟೆವು. ಬಾಗಿಲಿಗೆ ನೇತುಹಾಕುವ, ಚಪ್ಪಲಿ ಇಡುವ ಜೇಬುಗಳ ಚೀಲ ಗೊಂಬೆ, ಕಾರುಗಳಿಗೆ ಪರವಾಗಿಲ್ಲ. ಆದರೆ ಕೆಳಗಿನ ಎರಡು ಸಾಲು ಮಾತ್ರ ಮಕ್ಕಳಿಗೆ ಎಟುಕುತ್ತದೆ.

ಬಿದಿರಿನ ಬುಟ್ಟಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನನಗೆ ಅದರ ಮೇಲೆ ಪ್ರೀತಿ ಇದೆ. ಸಂತೆಯಲ್ಲಿ ಮೇದಾರರ ಹತ್ತಿರ ಎರಡು ತಂದೆ, ಅಗಲ ಬಾಯಿಯವು, ಒಂದು ಗೇಣಿಗಿಂತ ಆಳ ಇಲ್ಲದವು. ಎರಡಕ್ಕೂ ಸೇರಿ 500 ರೂಪಾಯಿ. ಟಬ್ಬಿನ ದೊಡ್ಡ ದೋಷ ಆಳ. ಬುಟ್ಟಿಯಲ್ಲಿ ಆ ದೋಷ ಇಲ್ಲ. ಮೇಲಿಂದ ನೋಡಿದರೆ ಎಲ್ಲ ಕಾಣುತ್ತದೆ. ಗಾಳಿ ಆಡುತ್ತದೆ. ಹಗುರ, ಮಗನೇ ಎಳೆದುಕೊಂಡು ಹೋಗುತ್ತಾನೆ. ಮೈಮೇಲೆ ಬಿದ್ದರೂ ಪೆಟ್ಟಾಗುವುದಿಲ್ಲ. ದೀಪಾವಳಿಯಿಂದ ಮೇ ತಿಂಗಳವರೆಗಿನ ಲೆಕ್ಕ ಮಾತ್ರ ಹಿಡಿದರೆ ನಾನು ಬುಟ್ಟಿಯನ್ನೇ ಗೆಲ್ಲಿಸುತ್ತಿದ್ದೆ.

ಆರಿದ್ರಾ ಮಳೆ ಹಿಡಿಯಿತು. ಗಿರಿಯ ಕಡೆಯಿಂದ ಮೋಡ ಇಳಿದು ಎಂಟು ದಿನ ಬಿಸಿಲೇ ಇಲ್ಲ. ಬುಟ್ಟಿಯ ಹೆಣಿಗೆಯ ಸಂದಿಯಲ್ಲಿ ಬೂಷ್ಟು ಕಾಣಿಸಿತು. ಪುಷ್ಯ ಮಳೆ ಬರುವಷ್ಟರಲ್ಲಿ ಬುಟ್ಟಿಯ ಕೆಳಗೆ ಹಳದಿ ಪುಡಿ ಉದುರಿತ್ತು. ಕುಟ್ಟೆ ಹಿಡಿದಿತ್ತು. ಬಿದಿರಿನಲ್ಲಿರುವ ಪಿಷ್ಟಕ್ಕೆ ಅದು ಬರುತ್ತದೆ. ಅಜ್ಜಿಯ ಮನೆಯಲ್ಲಿ ಬುಟ್ಟಿ, ಮೊರ ಎಲ್ಲ ಸೌದೆ ಒಲೆಯ ಮೇಲಿನ ಅಟ್ಟದಲ್ಲಿ ಇರುತ್ತಿದ್ದವು. ದಿನಾ ಹೊಗೆ ತಾಕಿ ಕಪ್ಪಾಗಿ ವರ್ಷಗಟ್ಟಲೆ ಬಾಳುತ್ತಿದ್ದವು. ಗ್ಯಾಸಿನ ಮನೆಯಲ್ಲಿ ಆ ರಕ್ಷಣೆ ಎಲ್ಲಿಂದ ಬರಬೇಕು? ಸಿಬಿರು ಎದ್ದು ಮಗನ ಬೆರಳಿಗೂ ಒಮ್ಮೆ ಚುಚ್ಚಿತು. ಈಗ ಮಳೆಗಾಲ ಮುಗಿದ ಮೇಲೆ, ಬಿಸಿಲಿಗೆ ಒಣಗಿಸಿ, ಅಂಚಿಗೆ ಬಟ್ಟೆ ಸುತ್ತಿ ಹೊಲಿದೇ ಬಳಸುತ್ತೇವೆ.

ಆಗ ಅಮ್ಮ ನುಸಿಗುಳಿಗೆ ಹಾಕು ಅಂದರು. ನಾನು ಬೇಡವೇ ಬೇಡ ಅಂದೆ. ನಿಮಗೂ ಅದನ್ನೇ ಹೇಳುತ್ತೇನೆ. ಬೆಳ್ಳಗೆ ದುಂಡಗಿರುವ ಆ ಗುಳಿಗೆ ಮಗುವಿನ ಕಣ್ಣಿಗೆ ಪೆಪ್ಪರಮಿಂಟಿನ ಹಾಗೆ ಕಾಣುತ್ತದೆ. ಅದರಲ್ಲಿರುವ ನ್ಯಾಫ್ತಲೀನ್ ವಿಷ. ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಅದು ರಕ್ತದ ಕೆಂಪು ಕಣಗಳನ್ನೇ ಒಡೆಯುತ್ತದೆ. ಎಷ್ಟೋ ಮನೆಗಳಲ್ಲಿ ಮಗುವಿಗೆ ಆ ಕೊರತೆ ಇದೆ ಅಂತಲೇ ಗೊತ್ತಿರುವುದಿಲ್ಲ.

ಕೊನೆಗೆ ಗಿಡ್ಡ ರ್ಯಾಕು. ಕಾಫಿ ತೋಟದಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಮರದ ಹಲಗೆ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ. ಬಡಗಿಯ ಹತ್ತಿರ ಮಾಡಿಸಿದೆ. 4 ಅಡಿ ಉದ್ದ, ಎರಡೂವರೆ ಅಡಿ ಎತ್ತರ, ಮೂರು ಅಂತಸ್ತು, ಬಾಗಿಲು ಇಲ್ಲ. ಹಲಗೆ, ಕೂಲಿ, ವಾರ್ನಿಷ್ ಸೇರಿ 4,800 ರೂಪಾಯಿ. ಒಂದೊಂದು ಅಂತಸ್ತಿಗೆ ಮೂರರಂತೆ ಒಂಬತ್ತು ತಟ್ಟೆ, 3 ಇಂಚು ಅಂಚಿನವು. ತಟ್ಟೆಯ ಒಳಗಿರುವುದರ ಚಿತ್ರ ಮುಂದಿನ ಅಂಚಿಗೆ. ಇದು ಹೊಸ ಉಪಾಯ ಏನಲ್ಲ. 1907ರಲ್ಲಿ ರೋಮ್‌ನಲ್ಲಿ ಮಾರಿಯಾ ಮಾಂಟೆಸ್ಸರಿ ಶುರುಮಾಡಿದ 'ಮಕ್ಕಳ ಮನೆ' ಅನ್ನುವ ಪುಟ್ಟ ಮಕ್ಕಳ ಶಾಲೆಯಿಂದ ಬೆಳೆದ ಪದ್ಧತಿ, ಮಗುವಿನ ಎತ್ತರಕ್ಕೆ ತೆರೆದ ಕಪಾಟು ಇಡುವುದು.

ಡ್ರಾಯರಿನಲ್ಲಿ ಸಾಮಾನು ಎಲ್ಲಿದೆ ಅಂತ ಮಗುವಿಗೆ ನೆನಪಿರಬೇಕು. ರ್ಯಾಕಿನಲ್ಲಿ ಕಣ್ಣಿಗೇ ಕಾಣುತ್ತದೆ. ಎರಡೂವರೆ ವರ್ಷದವನಿಗೆ ಇದು ದೊಡ್ಡ ವ್ಯತ್ಯಾಸ. ಮೊದಲ ಎರಡು ವಾರ ಕಷ್ಟವಾಯಿತು. ಇಬ್ಬರ ಪಕ್ಕದಲ್ಲೂ ಕೂತು, "ಕಾರಿನ ಮನೆ ಎಲ್ಲಿದೆ ಪುಟ್ಟಾ?" ಅಂತ ಕೇಳುತ್ತಾ ಇಡಿಸಬೇಕಿತ್ತು. ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ತಿಂಗಳು ಕಳೆದ ಮೇಲೆ ಏಳೆಂಟು ನಿಮಿಷ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ಅವರೇ ಮಾಡುತ್ತಾರೆ. ಮಗ ಒಂದು ಕಾರು ಹಿಡಿದು, ಚಿತ್ರ ನೋಡಿ, ಅದೇ ತಟ್ಟೆಗೆ ಇಟ್ಟು ತಿರುಗಿ ನನ್ನ ಮುಖ ನೋಡಿದ ದಿನ ನನಗೆ 4,800 ರೂಪಾಯಿ ಜಾಸ್ತಿ ಅನ್ನಿಸಲೇ ಇಲ್ಲ.

ಮಾಡಿಸುವವರಿಗೆ ಎರಡು ಮಾತು. ಕಾಲು 3 ಇಂಚು ಎತ್ತರ ಇರಲಿ, ನೆಲ ಒರೆಸಲು ಸುಲಭ, ತಂಡಿಯೂ ಏರುವುದಿಲ್ಲ. ಗೋಡೆಗೆ ಅಂಟಿಸಬೇಡಿ. ನಮ್ಮ ಕಡೆ ಮಳೆಗಾಲದಲ್ಲಿ ಗೋಡೆ ಬೆವರುತ್ತದೆ. ಒಂದೆರಡು ಇಂಚು ಬಿಟ್ಟು, ನಡುವೆ ಮರದ ತುಂಡು ಕೊಟ್ಟು, ಎಲ್ ಆಕಾರದ ಪಟ್ಟಿಯಿಂದ ಬಿಗಿಯಿರಿ. ಮನೆ ಮಾಲೀಕರನ್ನು ಕೇಳಿದೆ, ಎರಡು ತೂತಿಗೆ ಒಪ್ಪಿದರು. ಮಗುವಿನ ಮೇಲೆ ಬೀಳುತ್ತದೆ ಅಂದರೆ ಯಾರೂ ಬೇಡ ಅನ್ನುವುದಿಲ್ಲ.

ರ್ಯಾಕಿನ ದೋಷವೂ ಇದೆ. ಧೂಳು ಕೂರುತ್ತದೆ, ವಾರಕ್ಕೊಮ್ಮೆ ಒರೆಸಬೇಕು. ನೆಂಟರು ಬಂದಾಗ ಮುಚ್ಚಿಡಲು ಆಗುವುದಿಲ್ಲ. ಜಾಗ ಬೇಕು. ಮತ್ತೆ ಅದರಲ್ಲಿ ಹಿಡಿಯುವುದು ಒಂಬತ್ತು ತಟ್ಟೆ ಅಷ್ಟೇ. ಈ ಕೊನೆಯದನ್ನು ಮೊದಲು ದೋಷ ಅಂದುಕೊಂಡಿದ್ದೆ, ಈಗ ಅದೇ ಅದರ ದೊಡ್ಡ ಗುಣ ಅನ್ನಿಸಿದೆ. 2018ರಲ್ಲಿ ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು ಒಂದೂವರೆಯಿಂದ ಎರಡೂವರೆ ವರ್ಷದ 36 ಮಕ್ಕಳ ಆಟವನ್ನು ಗಮನಿಸಿ ಬರೆದರು. ಒಮ್ಮೆ ಎದುರಿಗೆ 4 ಆಟಿಕೆ, ಇನ್ನೊಮ್ಮೆ 16. ನಾಲ್ಕೇ ಇದ್ದಾಗ ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ನಮ್ಮ ಮನೆಯಲ್ಲೂ ಅದೇ ಕಂಡೆ. ಟಬ್ಬಿನ ತಳದಲ್ಲಿ ಆರು ತಿಂಗಳು ಅನಾಥವಾಗಿದ್ದ ಬುಗುರಿ ತಟ್ಟೆಗೆ ಬಂದ ದಿನದಿಂದ ಮಗಳ ಕೈ ಬಿಟ್ಟಿಲ್ಲ.

ಮಿಕ್ಕ ಸಾಮಾನು ಅಟ್ಟಕ್ಕೆ ಹೋಯಿತು. ಹಾಸನದಲ್ಲಿರುವ ನಮ್ಮತ್ತೆ ಹಳೇ ಕಾಟನ್ ಸೀರೆಯಲ್ಲಿ ನಾಲ್ಕು ಲಾಡಿ ಚೀಲ ಹೊಲಿದುಕೊಟ್ಟರು. ಅಟ್ಟಕ್ಕೆ ಪ್ಲಾಸ್ಟಿಕ್ ಚೀಲಕ್ಕಿಂತ ಈ ಚೀಲ ಎಷ್ಟೋ ಮೇಲು, ಒಳಗೆ ಬೆವರುವುದಿಲ್ಲ. ಬರಿ ಗೋಣಿಚೀಲ ಬೇಡ, ನಾರು, ಧೂಳು ಎಲ್ಲದಕ್ಕೂ ಅಂಟುತ್ತದೆ. ಹದಿನೈದು ದಿನಕ್ಕೊಮ್ಮೆ ಭಾನುವಾರ ಒಂದು ಚೀಲ ಇಳಿಯುತ್ತದೆ, ಒಂದು ಏರುತ್ತದೆ. ಏರಿಸುವ ಮುಂಚೆ ಬ್ಯಾಟರಿ ತೆಗೆಯಿರಿ. ಬಳಸದೆ ಬಿಟ್ಟ ಬ್ಯಾಟರಿ ಸೋರಿ ನಮ್ಮ ಒಂದು ರೈಲು ಕೆಟ್ಟೇ ಹೋಯಿತು.

ಜೋಡಿಸುವ ಬ್ಲಾಕುಗಳಿಗೆ ಮಾತ್ರ ರ್ಯಾಕು ಸೋತಿತು. ಎಷ್ಟೇ ದೊಡ್ಡ ತಟ್ಟೆ ಕೊಟ್ಟರೂ ಮಕ್ಕಳು ನೆಲಕ್ಕೆ ಸುರಿದೇ ಆಡುವುದು. ಅದಕ್ಕೆ ಹಳೇ ಬೆಡ್‌ಶೀಟನ್ನು 5 ಅಡಿ ಅಗಲದ ದುಂಡಗೆ ಕತ್ತರಿಸಿ, ಅಂಚು ಮಡಚಿ ಹೊಲಿದು, ಲಾಡಿ ತೂರಿಸಿದೆವು. ಹರಡಿದರೆ ಚಾಪೆ, ಲಾಡಿ ಎಳೆದರೆ ಗಂಟು. ಖರ್ಚು 20 ರೂಪಾಯಿ, ಎತ್ತಿಡಲು ಅರ್ಧ ನಿಮಿಷ. ಲಾಡಿ ಉದ್ದ ಇದೆ, ಮಗುವಿನ ಕುತ್ತಿಗೆಗೆ ಸುತ್ತಿಕೊಳ್ಳಬಾರದು ಅಂತ ಕಟ್ಟಿದ ಮೇಲೆ ಎತ್ತರದ ಗೂಟಕ್ಕೆ ಹಾಕುತ್ತೇವೆ.

ಸಣ್ಣ ತುಂಡುಗಳಿಗೆ ಬೇರೆ ನಿಯಮ. ಮೂರು ವರ್ಷದೊಳಗಿನವರ ಆಟಿಕೆ ಪರೀಕ್ಷೆಗೆ 31.7 ಮಿಲಿಮೀಟರ್ ಅಗಲದ ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ತುಂಡು ಗಂಟಲಿಗೂ ಸಿಕ್ಕಬಹುದು. ಕೊಳವೆಯ ಬಾಯಿ 10 ರೂಪಾಯಿ ನಾಣ್ಯಕ್ಕಿಂತ ಸ್ವಲ್ಪವೇ ದೊಡ್ಡದು ಅಂತ ಇಟ್ಟುಕೊಳ್ಳಿ. ಅಕ್ಕನ ಮಣಿ, ಕವಡೆ, ಗೋಲಿ ಎಲ್ಲ ತಿರುಗಣೆ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ, ಬೀರುವಿನ ಮೇಲೆ. ತಮ್ಮ ಮಲಗಿದ ಮೇಲೆ ಇಳಿಯುತ್ತದೆ. ಗುಂಡಿಯಂಥ ಚಪ್ಪಟೆ ಬ್ಯಾಟರಿಯ ಆಟಿಕೆಗಳನ್ನು ಮನೆಯಿಂದಲೇ ಕಳಿಸಿಬಿಟ್ಟೆ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಟ್ಟ ಗಾಯ ಮಾಡಬಲ್ಲದು.

ನಿಮ್ಮ ಕೈಯಲ್ಲಿ 500 ರೂಪಾಯಿಯಷ್ಟೇ ಇದ್ದರೆ ಟಬ್ ತರಬೇಡಿ. ಮನೆಯಲ್ಲಿರುವ ಗಟ್ಟಿ ರಟ್ಟಿನ ಪೆಟ್ಟಿಗೆಗಳನ್ನು ನಾಲ್ಕು ಇಂಚು ಎತ್ತರಕ್ಕೆ ಕತ್ತರಿಸಿ, ಒಂದು ಹಲಗೆಯ ಮೇಲೆ ಗೋಡೆಗುಂಟ ಸಾಲಾಗಿ ಇಡಿ. ಒಂದಕ್ಕೆ ಒಂದೇ ಥರದ ಸಾಮಾನು, ಮುಂದೆ ಚಿತ್ರ. ಬ್ಲಾಕಿಗೆ ಲಾಡಿ ಬಟ್ಟೆ ಹೊಲಿಯಿರಿ. ಉಳಿದ ದುಡ್ಡಿಗೆ ಸಂತೆಯಲ್ಲಿ ಒಂದು ಬುಟ್ಟಿ ತನ್ನಿ, ಆದರೆ ಅದನ್ನು ಮಳೆ ಬಿಟ್ಟ ಮೇಲೆ ತನ್ನಿ.