ರಬ್ಬರಿನ ಬಿಸಿನೀರಿನ ಚೀಲ: ಪೆಡಸಾದ ಮೈಗೆ ಎಷ್ಟರಮಟ್ಟಿಗೆ ಆಸರೆ?

ವಯಸ್ಸಾದವರಿರುವ ಮನೆಗಳಲ್ಲಿ ನೋವಿನ ಮುಲಾಮು, ತೈಲ, ಮಂಡಿಪಟ್ಟಿಗಳ ಜೊತೆಗೆ, ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ ಕೆಂಪು ಅಥವಾ ನೀಲಿ ರಬ್ಬರಿನ ಚೀಲವೊಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಔಷಧಿ ಅಂಗಡಿಯಲ್ಲಿ ‘ಹಾಟ್ ವಾಟರ್ ಬ್ಯಾಗ್’ ಎಂದು ಕೇಳಿದರೆ ಐನೂರು ರೂಪಾಯಿಯೊಳಗೆ ಸಿಗುವ ಈ ವಸ್ತುವನ್ನು ಕೊಳ್ಳುವ ಮೊದಲು ಯಾರೂ ವಿಚಾರಿಸುವುದಿಲ್ಲ, ಕೊಂಡ ಮೇಲೆ ಯಾರೂ ಅದರ ಬಗ್ಗೆ ಬರೆಯುವುದೂ ಇಲ್ಲ. ಹಲವು ಚಳಿಗಾಲಗಳಿಂದ ಇದನ್ನು ಸೊಂಟಕ್ಕೂ ಹೆಗಲಿಗೂ ಬಳಸುತ್ತಿರುವ, ನಡುವೆ ವಿದ್ಯುತ್ತಿನಿಂದ ಕಾಯುವ ಹೀಟಿಂಗ್ ಪ್ಯಾಡನ್ನೂ ತರಿಸಿ ನೋಡಿರುವ ನಾನು ಎರಡನ್ನೂ ಹೋಲಿಸಿ ಬರೆಯುತ್ತಿದ್ದೇನೆ. ಚೀಲ ಬೇಗ ತಣ್ಣಗಾಗುತ್ತದೆ ಎಂಬುದು ಬಹುತೇಕರ ದೂರು. ನನ್ನ ಮಟ್ಟಿಗೆ ಅದೇ ಅದರ ಮೊದಲ ಗುಣ.

ಬೆಳಗ್ಗೆ ಏಳುವಾಗ ಸೊಂಟ ಹಿಡಿದುಕೊಂಡಿರುವುದು, ಕತ್ತು ತಿರುಗಿಸಿದರೆ ಹೆಗಲು ಸೆಟೆದುಕೊಳ್ಳುವುದು, ಮೆಟ್ಟಿಲು ಹತ್ತಿ ಇಳಿದ ಮರುದಿನ ತೊಡೆ ಮತ್ತು ಮೀನಖಂಡ ಗಟ್ಟಿಯಾಗಿ ನೋಯುವುದು, ಇವೆಲ್ಲವನ್ನೂ ನಾವು ‘ವಯಸ್ಸಾಯಿತು’ ಎಂದು ಮುಗಿಸಿಬಿಡುತ್ತೇವೆ. ಮೂವತ್ತರ ನಂತರ ದಶಕವೊಂದಕ್ಕೆ ಸರಿಸುಮಾರು ಶೇಕಡ 3ರಿಂದ 8ರಷ್ಟು ಸ್ನಾಯು ಕರಗುತ್ತಾ ಹೋಗುತ್ತದೆ, ಅರವತ್ತು ದಾಟಿದ ಮೇಲೆ ಆ ವೇಗ ಹೆಚ್ಚುತ್ತದೆ. ಸ್ನಾಯುವನ್ನು ಮೂಳೆಗೆ ಬಿಗಿಯುವ ರಜ್ಜುಗಳು ಮೊದಲಿನಂತೆ ಹಿಗ್ಗುವುದಿಲ್ಲ. ಇದರ ಮೇಲೆ, ನೋಯುತ್ತದೆಂದು ಕುಳಿತಲ್ಲೇ ಕುಳಿತರೆ ಉಳಿದ ಸ್ನಾಯುವೂ ಸೊರಗಿ, ಮರುದಿನ ಇನ್ನಷ್ಟು ಬಿಗಿತ ಕಾಣಿಸಿಕೊಳ್ಳುತ್ತದೆ. ಬಿಸಿನೀರಿನ ಚೀಲ ಈ ಯಾವುದನ್ನೂ ಹಿಂದಕ್ಕೆ ತಿರುಗಿಸುವುದಿಲ್ಲ. ಶಾಖ ತಗುಲಿದ ಜಾಗಕ್ಕೆ ರಕ್ತದ ಹರಿವು ಹೆಚ್ಚುತ್ತದೆ, ಸೆಟೆದ ಸ್ನಾಯು ಸಡಿಲವಾಗುತ್ತದೆ, ರಜ್ಜುಗಳು ತುಸು ಹಿಗ್ಗಲು ಒಪ್ಪುತ್ತವೆ, ಮತ್ತು ಇದೆಲ್ಲ ಸ್ವಲ್ಪ ಹೊತ್ತು ಮಾತ್ರ ಉಳಿಯುತ್ತದೆ. ಆ ಸ್ವಲ್ಪ ಹೊತ್ತನ್ನು ಹೇಗೆ ಬಳಸಿಕೊಳ್ಳುತ್ತೇವೆ ಎಂಬುದರ ಮೇಲೆ ಕೊಟ್ಟ ಹಣ ಸಾರ್ಥಕವೋ ಅಲ್ಲವೋ ಎಂಬುದು ನಿಂತಿದೆ.

ಸೊಂಟನೋವಿಗೆ ಶಾಖ ಮತ್ತು ತಂಪಿನ ಉಪಯೋಗದ ಬಗ್ಗೆ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿ 2006ರಲ್ಲಿ ಪ್ರಕಟವಾದ ಕಾಕ್ರೇನ್ ಪರಿಶೀಲನೆಯೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ: ಸುತ್ತಿಕೊಳ್ಳುವ ಶಾಖಪಟ್ಟಿಗಳಿಂದ ಇತ್ತೀಚೆಗೆ ಶುರುವಾದ ಸೊಂಟನೋವು ಅಲ್ಪಕಾಲ, ಅಲ್ಪ ಪ್ರಮಾಣದಲ್ಲಿ ಇಳಿಯುತ್ತದೆ, ಜೊತೆಗೆ ವ್ಯಾಯಾಮ ಸೇರಿದರೆ ಫಲ ಇನ್ನೂ ಹೆಚ್ಚುತ್ತದೆ. ಆದ್ದರಿಂದ ನಾನು ಚೀಲವನ್ನು ರಾತ್ರಿ ಮಲಗುವಾಗ ಬಳಸುವುದನ್ನು ಬಿಟ್ಟು ಬೆಳಗಿನ ಹೊತ್ತಿಗೆ ಬದಲಾಯಿಸಿಕೊಂಡೆ. ಕಾಫಿಗೆ ನೀರಿಡುವಾಗಲೇ ಚೀಲಕ್ಕೂ ನೀರು ಕಾಯುತ್ತದೆ. ಕುರ್ಚಿಯಲ್ಲಿ ಕುಳಿತು, ಸೊಂಟ ಮತ್ತು ಕುರ್ಚಿಯ ಬೆನ್ನಿನ ನಡುವೆ ಹದಿನೈದು ಇಪ್ಪತ್ತು ನಿಮಿಷ ಅದನ್ನಿಟ್ಟುಕೊಂಡು, ಬಿಸಿ ಇಳಿಯಲು ಶುರುವಾದ ಕೂಡಲೇ ಎದ್ದು ಗೋಡೆಗೆ ಕೈಕೊಟ್ಟು ಮೀನಖಂಡ ಎಳೆಯುವುದು, ಹೆಗಲು ಸುತ್ತಿಸುವುದು, ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದು, ಬಳಿಕ ಬೀದಿಯ ಕೊನೆಯವರೆಗೆ ನಡೆಯುವುದು, ಇಷ್ಟು ಕ್ರಮ. ಅರವತ್ತೈದು ದಾಟಿದವರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆಯನ್ನೂ, ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪೆಡಸಾದ ಮೈಯಲ್ಲಿ ಅದರ ಮೊದಲ ಹತ್ತು ನಿಮಿಷವೇ ಕಷ್ಟ. ಚೀಲ ನೆರವಾಗುವುದು ಆ ಹತ್ತು ನಿಮಿಷಕ್ಕೆ.

ಇನ್ನು ವಸ್ತುವಿನ ವಿಷಯ. ರಬ್ಬರಿನ ಈ ಚೀಲಕ್ಕೆ 1903ರಲ್ಲಿ ಹಕ್ಕುಪತ್ರ ಪಡೆದಾತ ಕ್ರೊಯೇಷಿಯಾದ ಸಂಶೋಧಕ ಸ್ಲಾವೊಲ್ಯೂಬ್ ಪೆಂಕಾಲ. ಬರೆದಂತೆಲ್ಲ ಸೀಸ ಮುಂದೂಡುವ ಪೆನ್ಸಿಲ್ಲೂ ಅವನದೇ. ಅಂದಿನಿಂದ ಚೀಲದ ರೂಪ ಹೆಚ್ಚೇನೂ ಬದಲಾಗಿಲ್ಲ: ಅಗಲವಾದ ಹೊಟ್ಟೆ, ಆಲಿಕೆಯಂತೆ ಬಾಯಿ ತೆರೆದ ಕತ್ತು, ತಿರುಗಿಸಿ ಬಿಗಿಯುವ ಬಿರಡೆ, ಅದರ ಬುಡದಲ್ಲಿ ತೆಳ್ಳನೆಯ ವಾಷರ್. ಒಂದು ಮೈಯಲ್ಲಿ ಉದ್ದುದ್ದ ಗೆರೆಗಳು ಎದ್ದಿರುತ್ತವೆ, ಕೆಲವು ಮಾದರಿಗಳಲ್ಲಿ ಇನ್ನೊಂದು ಮೈ ನುಣುಪಾಗಿರುತ್ತದೆ. ಗೆರೆಗಳ ನಡುವೆ ಗಾಳಿ ನಿಲ್ಲುವುದರಿಂದ ಆ ಬದಿಯ ಶಾಖ ಮೆತ್ತಗೆ ತಾಗುತ್ತದೆ, ನುಣುಪು ಬದಿಯದು ಚುರುಕು. ತೆಳುವಾದ ವಯಸ್ಸಾದ ಚರ್ಮಕ್ಕೆ ಗೆರೆಯ ಬದಿಯೇ ಲೇಸು.

ತುಂಬುವ ಕೆಲಸಕ್ಕೆ ಗಮನ ಬೇಕು. ಕುದಿಯುವ ನೀರನ್ನು ನೇರವಾಗಿ ಸುರಿಯಬಾರದು. ಅದರಿಂದ ರಬ್ಬರಿನ ಆಯುಸ್ಸೂ ಕಡಿಮೆಯಾಗುತ್ತದೆ, ಕೈಗೂ ಅಪಾಯ. ಒಲೆಯಿಂದಿಳಿಸಿ ಕೆಲವು ನಿಮಿಷ ಬಿಟ್ಟು, ಬೇಕಾದರೆ ಒಂದು ಲೋಟ ತಣ್ಣೀರು ಬೆರೆಸಿ, ಚೀಲವನ್ನು ಪಾತ್ರೆ ತೊಳೆಯುವ ಸಿಂಕಿನೊಳಗೆ ನಿಲ್ಲಿಸಿ ಮೂರರಲ್ಲಿ ಎರಡು ಪಾಲು ಮಾತ್ರ ತುಂಬಬೇಕು. ಆಮೇಲೆ ಚೀಲವನ್ನು ಮೆಲ್ಲಗೆ ಮಲಗಿಸುತ್ತಾ ಬಂದರೆ ನೀರು ಕತ್ತಿನವರೆಗೆ ಏರಿ ಒಳಗಿನ ಗಾಳಿ ಹೊರಗೆ ಹೋಗುತ್ತದೆ. ಆಗ ಬಿರಡೆ ಬಿಗಿದು, ತಲೆಕೆಳಗು ಮಾಡಿ, ಒಂದು ಹನಿಯೂ ಜಿನುಗದೆಂದು ಖಚಿತಪಡಿಸಿಕೊಂಡು ದಪ್ಪ ಟವೆಲ್ಲಿನಲ್ಲಿ ಸುತ್ತಬೇಕು. ಗಾಳಿ ಉಳಿದ ಚೀಲ ಉಬ್ಬಿಕೊಂಡು ಸೊಂಟದ ತಗ್ಗಿಗೆ ಕೂರುವುದಿಲ್ಲ. ಗಾಳಿ ತೆಗೆದದ್ದು ಮೈಯ ಏರಿಳಿತಕ್ಕೆ ತಕ್ಕಂತೆ ಒಗ್ಗಿಕೊಳ್ಳುತ್ತದೆ. ಈ ಒಗ್ಗಿಕೊಳ್ಳುವ ಗುಣ ಹೀಟಿಂಗ್ ಪ್ಯಾಡಿಗಿಲ್ಲ.

ಪ್ಯಾಡಿಗೆ ಇರುವುದು ಬೇರೆ ಅನುಕೂಲ. ನೀರು ಕಾಯಿಸಬೇಕಿಲ್ಲ, ಬೆಲ್ಟಿನಿಂದ ಕಟ್ಟಿಕೊಳ್ಳಬಹುದು, ಗುಂಡಿ ಒತ್ತಿದರೆ ಒಂದೇ ಮಟ್ಟದ ಬಿಸಿ ಎಷ್ಟು ಹೊತ್ತಾದರೂ ಇರುತ್ತದೆ. ನನ್ನ ಆಕ್ಷೇಪ ಇರುವುದೂ ಇಲ್ಲೇ. 60 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗಿದರೆ ಚರ್ಮ ಸುಡಲು ಸುಮಾರು 5 ಸೆಕೆಂಡು ಸಾಕೆಂಬುದನ್ನು ಯಾರಾದರೂ ನಂಬುತ್ತಾರೆ. ಆದರೆ ಹಿತವೆನಿಸುವ 44 ಡಿಗ್ರಿಯೂ ಸುಮಾರು 6 ಗಂಟೆ ಒಂದೇ ಕಡೆ ತಾಗಿದ್ದರೆ ಸುಡುತ್ತದೆ. ರಾತ್ರಿ ಪ್ಯಾಡ್ ಕಟ್ಟಿಕೊಂಡು ನಿದ್ದೆಹೋದರೆ ಆರು ಗಂಟೆ ಕಳೆಯುವುದು ತಿಳಿಯುವುದೇ ಇಲ್ಲ. ಚೀಲದ ಶಾಖವಾದರೋ ನಾವು ಮರೆತರೂ ತಾನಾಗಿ ಇಳಿಯುತ್ತದೆ. ಪ್ಯಾಡನ್ನೇ ಕೊಳ್ಳುವವರು ನಿಗದಿತ ಸಮಯಕ್ಕೆ ತಾನೇ ಆರಿಹೋಗುವ ವ್ಯವಸ್ಥೆ ಇದೆಯೇ ಎಂದು ನೋಡದೆ ಕೊಳ್ಳಬಾರದು. ಒಳಗಿನ ದ್ರವವನ್ನು ಪ್ಲಗ್ ಹಾಕಿ ಕಾಯಿಸುವ ಚೀಲಗಳೂ ಮಾರುಕಟ್ಟೆಯಲ್ಲಿವೆ. ಹೆಸರು ಹೇಳಲಿಚ್ಛಿಸದ ಕಂಪನಿಯೊಂದರ ಅಂಥ ಚೀಲ ನಮ್ಮ ಮನೆಯಲ್ಲಿ ಕಾಯುತ್ತಿದ್ದಾಗಲೇ ಪ್ಲಗ್ ಕೂರುವ ಜಾಗದ ಸುತ್ತ ಉಬ್ಬಿ ಜಿನುಗತೊಡಗಿತು. ಅಲ್ಲಿಗೆ ಅದರ ಸಹವಾಸ ಮುಗಿಯಿತು.

ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಎಂಬ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಈ ಕಾಯಿಲೆ ಇದೆ. ಹಲವು ವರ್ಷಗಳ ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಸೊರಗಿ ಸ್ಪರ್ಶಜ್ಞಾನ ಕುಗ್ಗಿದ್ದರೆ, ಕಾಲು ಜೋಮು ಹಿಡಿದಿದೆ ಎಂದು ಇಡುವ ಬಿಸಿ ಚೀಲ ಬೊಬ್ಬೆ ಎಬ್ಬಿಸಿದರೂ ತಿಳಿಯುವುದಿಲ್ಲ, ಎದ್ದ ಬೊಬ್ಬೆ ಬೇಗ ಮಾಯುವುದೂ ಇಲ್ಲ. ಅಂಥವರು ಪಾದಕ್ಕೆ ಶಾಖ ಕೊಡಲೇಬಾರದು. ಸೊಂಟಕ್ಕೆ ಬಳಸುವಾಗಲೂ ಬಿಸಿಯನ್ನು ಮನೆಯ ಇನ್ನೊಬ್ಬರ ಕೈಯಿಂದ ಮುಟ್ಟಿಸಿ ನೋಡುವುದು ಒಳ್ಳೆಯದು. ದಿನವೂ ಒಂದೇ ಜಾಗಕ್ಕೆ ಶಾಖ ಕೊಡುವವರ ಚರ್ಮದಲ್ಲಿ ಬಲೆಬಲೆಯಾಗಿ ಕಂದು ಗೆರೆಗಳು ಮೂಡುವುದುಂಟು. ಕಾಶ್ಮೀರದಲ್ಲಿ ಕಾಂಗಡಿ ಎಂಬ ಕೆಂಡದ ಬುಟ್ಟಿಯನ್ನು ನಿಲುವಂಗಿಯೊಳಗೆ ಇಟ್ಟುಕೊಳ್ಳುವವರಲ್ಲಿ ವೈದ್ಯರು ಇದನ್ನು ಬಹುಕಾಲದಿಂದ ಕಂಡಿದ್ದಾರೆ. ಅಂಥ ಗೆರೆ ಕಂಡರೆ ಆ ಜಾಗಕ್ಕೆ ಶಾಖ ನಿಲ್ಲಿಸಬೇಕು.

ಮುಲಾಮು ಹಚ್ಚಿ ಅದರ ಮೇಲೆ ಚೀಲ ಇಡುವುದು ನಮ್ಮಲ್ಲಿ ಸರ್ವೇಸಾಮಾನ್ಯ, ಆದರೆ ಮಾಡಬಾರದ ಕೆಲಸ. ಡೈಕ್ಲೋಫೆನಾಕ್, ಮೀಥೈಲ್ ಸ್ಯಾಲಿಸಿಲೇಟ್, ಮೆಂಥಾಲ್ ಇರುವ ಜೆಲ್‌ಗಳು ಬಿಸಿ ತಾಗಿದಾಗ ಹೆಚ್ಚು ವೇಗವಾಗಿ ಒಳಗಿಳಿಯುತ್ತವೆ, ಚರ್ಮವೂ ಉರಿದು ಸುಡಬಹುದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರಿಗಂತೂ ಮೀಥೈಲ್ ಸ್ಯಾಲಿಸಿಲೇಟ್ ಧಾರಾಳವಾಗಿ ಹಚ್ಚುವುದೇ ರಕ್ತಸ್ರಾವಕ್ಕೆ ದಾರಿಯಾಗಬಹುದು. ಹೊಸದಾಗಿ ಉಳುಕಿ ಬಾತುಕೊಂಡ ಜಾಗಕ್ಕೂ ಮೊದಲ ಒಂದೆರಡು ದಿನ ಶಾಖ ಸಲ್ಲದು.

ಚೀಲ ಮುಟ್ಟಲಾಗದ ನೋವುಗಳೂ ಇವೆ. ಮೂಳೆ ಸವೆತದ ಬಿಗಿತ ಸಾಮಾನ್ಯವಾಗಿ ಎದ್ದು ಓಡಾಡಿದ ಅರ್ಧ ಗಂಟೆಯೊಳಗೆ ಬಿಡುತ್ತದೆ. ಐವತ್ತು ದಾಟಿದವರಲ್ಲಿ ಎರಡೂ ಹೆಗಲು, ಎರಡೂ ತೊಡೆಸಂದು ಒಮ್ಮೆಲೇ ನೋಯುತ್ತಾ, ಬೆಳಗಿನ ಬಿಗಿತ ಮುಕ್ಕಾಲು ಗಂಟೆಗೂ ಮೀರಿ ಉಳಿದು, ತಲೆ ಬಾಚಲು ಕೈಯೆತ್ತುವುದೂ ಕಷ್ಟವಾದರೆ ಅದು ಪಾಲಿಮಯಾಲ್ಜಿಯಾ ರುಮ್ಯಾಟಿಕಾ ಎಂಬ ಉರಿಯೂತವಿರಬಹುದು; ಅದಕ್ಕೆ ವೈದ್ಯರು ಕೊಡುವ ಸ್ಟೀರಾಯ್ಡ್ ಬೇಕು. ಕೊಲೆಸ್ಟ್ರಾಲಿಗೆ ಸ್ಟಾಟಿನ್ ಮಾತ್ರೆ ಶುರುಮಾಡಿದ ಮೇಲೆ ಬಂದ ಮೈಕೈ ನೋವು, ಥೈರಾಯ್ಡ್ ಕುಗ್ಗಿದ್ದರಿಂದಲೋ ಡಿ ಜೀವಸತ್ವದ ಕೊರತೆಯಿಂದಲೋ ಬಂದ ನೋವು, ಇವನ್ನೂ ವೈದ್ಯರ ಗಮನಕ್ಕೆ ತರಬೇಕು. ಹಾಗೆಂದು ಸ್ಟಾಟಿನನ್ನು ನಾವಾಗಿಯೇ ನಿಲ್ಲಿಸಬಾರದು.

ಚೀಲದ ನಿಜವಾದ ಕೊರತೆ ಅದರ ಕತ್ತಿನಲ್ಲಿದೆ. ಬೆರಳ ಸಂದು ಊದಿಕೊಂಡವರಿಗೆ, ಕೈ ನಡುಗುವವರಿಗೆ ಆ ಇಕ್ಕಟ್ಟಾದ ಬಾಯಿಗೆ ಬಿಸಿನೀರು ಸುರಿಯುವುದೇ ದಿನದ ಅತ್ಯಂತ ಅಪಾಯದ ಕ್ಷಣ. ಬಿಗಿಯಾಗಿ ಕೂತ ಬಿರಡೆಯನ್ನು ತಿರುಗಿಸುವುದಕ್ಕೂ ಬಲ ಬೇಕು. ಒಬ್ಬರೇ ಇರುವ ಹಿರಿಯರಿಗೆ ಇದನ್ನು ಉಡುಗೊರೆಯಾಗಿ ಕಳುಹಿಸುವ ಮಕ್ಕಳು ಇದನ್ನು ಯೋಚಿಸಬೇಕು. ಅಂಥವರಿಗೆ ತಾನಾಗಿ ಆರುವ ಪ್ಯಾಡೇ ವಾಸಿ. ಇಲ್ಲವಾದರೆ ನಮ್ಮ ಅಜ್ಜಿಯರ ಕ್ರಮವಿದ್ದೇ ಇದೆ: ಕಲ್ಲುಪ್ಪನ್ನು ಬಾಣಲೆಯಲ್ಲಿ ಬೆಚ್ಚಗೆ ಹುರಿದು, ಹತ್ತಿಬಟ್ಟೆಯಲ್ಲಿ ಗಂಟು ಕಟ್ಟಿ, ಮುಂಗೈಗೆ ಮುಟ್ಟಿಸಿ ಹದ ನೋಡಿ ಒತ್ತುವುದು. ಚೆಲ್ಲಲು ಅದರಲ್ಲಿ ನೀರೇ ಇರುವುದಿಲ್ಲ.

ಕೊಳ್ಳುವಾಗ ಎರಡು ಲೀಟರಿನದಕ್ಕಿಂತ ಒಂದು ಲೀಟರಿನದು ಮೇಲು. ಹಗುರ, ಹೆಗಲ ಮೇಲೂ ನಿಲ್ಲುತ್ತದೆ. ಬಳಸಿದ ಮೇಲೆ ನೀರು ಚೆಲ್ಲಿ, ಬಿರಡೆ ತೆಗೆದು, ಬಿಸಿಲು ಬೀಳದ ಕಡೆ ಬಾಯಿ ಕೆಳಗಾಗಿ ನೇತುಹಾಕಬೇಕು. ಮಡಿಸಿ ಹಿಡಿದಾಗ ರಬ್ಬರಿನಲ್ಲಿ ಸಣ್ಣ ಬಿರುಕುಗಳು ಕಂಡರೆ, ಅಥವಾ ಬಿರಡೆಯ ವಾಷರ್ ಗಡುಸಾಗಿ ನೀರು ಜಿನುಗಿದರೆ, ಅಂಟು ಹಾಕಿ ಸರಿಮಾಡಲು ಹೋಗದೆ ಹೊಸ ಚೀಲ ತರಬೇಕು.